ಶನಿವಾರ ಕೆಡುವ ಗಾಡಿ

ದೇವರಾಜ ಹೊಸ ಬೈಕು ಕೊಳ್ಳುವ ಯೋಚನೆಯಲ್ಲಿದ್ದಾನೆ ಎಂಬುದು ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಗೊತ್ತಾದದ್ದು ಅವನ ಅಪ್ಪ ಮೂರ್ತಪ್ಪನಿಗೆ. ಆಲ್ಕೊಳ ಸರ್ಕಲ್ಲಿನಲ್ಲಿ ಮೂವತ್ತೆಂಟು ವರ್ಷ ಬೈಕು ರಿಪೇರಿ ಮಾಡಿದ ಮನುಷ್ಯನಿಗೆ, ನ್ಯಾಯವಾಗಿ, ಈ ಸುದ್ದಿಯನ್ನು ಮೊದಲು ಹೇಳಬೇಕಿತ್ತು. ಆದರೆ ವಿನೋಬನಗರದ ಆ ಮನೆಯಲ್ಲಿ ನಾಲ್ಕು ವರ್ಷದಿಂದ ಯಾವ ಸುದ್ದಿಯೂ ನೆಟ್ಟಗೆ ಬರುತ್ತಿರಲಿಲ್ಲ. ದೇವರಾಜ ಹೆಂಡತಿ ವೀಣಾಗೆ ಹೇಳಿದ. ವೀಣಾ ಮಗಳಿಗೆ ಹೇಳಿದಳು. ಪಿಯುಸಿ ಓದುತ್ತಿದ್ದ ಮಗಳು ಇಂಪನಾ ಒಂದು ಬೆಳಿಗ್ಗೆ ಅಕ್ಕಿ ರೊಟ್ಟಿ ತಿನ್ನುತ್ತ ಷೋರೂಮಿನ ಬಣ್ಣದ ಕಾಗದವೊಂದನ್ನು ಅಜ್ಜನ ತಟ್ಟೆಯ ಪಕ್ಕಕ್ಕೆ ತಳ್ಳಿದಳು.

ಅದು ಎರಡು ಸಾವಿರದ ಏಳನೇ ಇಸವಿಯ ನವೆಂಬರ್. ಒಂದೇ ಗಾಡಿ ಎರಡು ಥರ ಬರುತ್ತದೆ ಎಂದು ಕಾಗದದಲ್ಲಿತ್ತು. ಒಂದು ಎಂದಿನ ಹಾಗೆ ಕಾರ್ಬುರೇಟರ್ ಇರುವುದು. ಇನ್ನೊಂದಕ್ಕೆ ಎಂಟು ಸಾವಿರ ಜಾಸ್ತಿ, ಅದಕ್ಕೆ ಕಾರ್ಬುರೇಟರೇ ಇಲ್ಲ.

"ಕಾರ್ಬುರೇಟರ್ ಇಲ್ದೆ ಪೆಟ್ರೋಲು ಒಳಗೆ ಹೆಂಗೆ ಹೋಗುತ್ತೆ?" ಎಂದು ಮೂರ್ತಪ್ಪ ಕೇಳಿದ. "ಚಮಚದಲ್ಲಿ ಕುಡಿಸ್ತಾರಾ?"

"ಫ್ಯೂಯಲ್ ಇಂಜೆಕ್ಷನ್ ಅಜ್ಜ. ಇಂಜಿನ್ನಿಗೆ ಎಷ್ಟು ಬೇಕು ಅಂತ ಅದೇ ಲೆಕ್ಕ ಹಾಕಿ ಅಷ್ಟನ್ನೇ ಸಿಡಿಸುತ್ತಂತೆ. ಚೋಕ್ ಎಳೆಯೋದು ಬೇಡ, ಟ್ಯೂನಿಂಗ್ ಮಾಡೋದೂ ಬೇಡ."

"ಟ್ಯೂನಿಂಗೂ ಬೇಡವಾ?"

"ಬೇಡವಂತೆ. ಇಲ್ಲಿ ಬರೆದಿದಾರಲ್ಲ."

ಮೂರ್ತಪ್ಪ ಕನ್ನಡಕ ಹಾಕಿಕೊಂಡು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಸ್ನಾನದ ಮನೆಯಿಂದ ಮಗ ಬರುವ ಸದ್ದಾದಾಗ ಅದನ್ನು ಮಡಚಿ ಮೊಮ್ಮಗಳ ಕೈಗೆ ಕೊಟ್ಟ. ದೇವರಾಜ ತಿಂಡಿ ತಿಂದು ಭದ್ರಾವತಿಯ ಕೆಲಸಕ್ಕೆ ಹೊರಟುಹೋದ. ಆ ಬಗ್ಗೆ ಇಬ್ಬರೂ ಒಂದು ಮಾತೂ ಆಡಲಿಲ್ಲ.

ಮಾತಾಡಿಕೊಂಡವರೇ ಅಲ್ಲ ಅವರು. ಮೂರ್ತಪ್ಪನ ಹೆಂಡತಿ ಸಣ್ಣಮ್ಮ ಇದ್ದಷ್ಟು ದಿನ ಅಪ್ಪನ ಮಾತು ಮಗನಿಗೆ, ಮಗನ ಮಾತು ಅಪ್ಪನಿಗೆ ಅವಳ ಬಾಯಿಂದಲೇ ತಲುಪುತ್ತಿತ್ತು. ಅವಳು ಹೋದಳು. ಇಬ್ಬರು ಗಂಡಸರು ಒಂದೇ ಸೂರಿನ ಕೆಳಗೆ, ಪರಿಚಯ ಮಾಡಿಸುವವರಿಲ್ಲದೆ ಉಳಿದರು. ಎರಡು ವರ್ಷದ ಕೆಳಗೆ ರಸ್ತೆ ಅಗಲ ಮಾಡುವಾಗ ಗ್ಯಾರೇಜೂ ಹೋಯಿತು. ಅಷ್ಟು ಹೊತ್ತಿಗೆ ಮೂರ್ತಪ್ಪನ ಕೈ ನಡುಗಲು ಶುರುವಾಗಿತ್ತು, ಬೇರೆ ಕಡೆ ಜಾಗ ಹುಡುಕುವ ಉಮೇದು ಅವನಿಗೂ ಇರಲಿಲ್ಲ.

ಉಳಿದದ್ದು ಭಾನುವಾರ ಒಂದೇ. ತಿಂಡಿಯಾದ ಮೇಲೆ ಅವನು ಕಾಂಪೌಂಡಿನೊಳಗೆ ಹಳೇ ಪೇಪರು ಹಾಸಿ ಮಗನ ಬೈಕಿನ ಕಾರ್ಬುರೇಟರ್ ಬಿಚ್ಚುತ್ತಿದ್ದ. ಪೆಟ್ರೋಲು ಹಾಯುವ ಹಿತ್ತಾಳೆಯ ಸಣ್ಣ ಜೆಟ್ಟುಗಳನ್ನು ಸ್ಟೀಲ್ ಮುಚ್ಚಳದಲ್ಲಿ ಪೆಟ್ರೋಲು ಹಾಕಿ ತೊಳೆದು, ಬಾಯಲ್ಲಿ ಊದಿ, ಬೆಳಕಿಗೆ ಹಿಡಿದು ನೋಡುತ್ತಿದ್ದ. ಕೈ ನಡುಗುವುದರಿಂದ ಜೆಟ್ಟು ಮತ್ತೆ ಕೂರಿಸುವಾಗ ಇನ್ನೊಬ್ಬರು ಹಿಡಿದುಕೊಳ್ಳಬೇಕು. ಹಾಗಾಗಿ ದೇವರಾಜ ಎದುರಿಗೆ ಕುಕ್ಕರಗಾಲಲ್ಲಿ ಕೂರುತ್ತಿದ್ದ. ಕೊನೆಗೆ ಗಾಡಿ ಚಾಲೂ ಮಾಡಿ, ಒಳಗೆ ಹೋಗುವ ಗಾಳಿಯ ಹದ ಹಿಡಿಯುವ ಏರ್ ಸ್ಕ್ರೂವನ್ನು ಕೂದಲೆಳೆಯಷ್ಟು ಆಚೆ ಈಚೆ ತಿರುಗಿಸಿ, ಸದ್ದು ಹದಕ್ಕೆ ಬರುವವರೆಗೆ ಇಬ್ಬರೂ ತಲೆ ಬಗ್ಗಿಸಿ ಕೇಳುತ್ತಿದ್ದರು. ಎರಡು ಗಂಟೆಯ ಕೆಲಸ. ಆ ಎರಡು ಗಂಟೆಯಲ್ಲಿ ಅವರು ಮನುಷ್ಯರ ಹಾಗೆ ಮಾತಾಡುತ್ತಿದ್ದರು, ಗಾಡಿಯ ವಿಷಯವೇ ಆದರೂ.

ಅಷ್ಟು ಒಳ್ಳೆಯ ಕೈಯಲ್ಲಿ ತೊಳೆಸಿಕೊಂಡ ಗಾಡಿ ಆರು ತಿಂಗಳು ತೊಂದರೆ ಕೊಡಬಾರದು. ಇದು ಮಾತ್ರ ಪ್ರತಿ ಶನಿವಾರ ಕೆಡುತ್ತಿತ್ತು. ವಾರವೆಲ್ಲ ಚೆನ್ನಾಗಿ ಓಡಿ, ಶನಿವಾರ ಕೆಲಸಕ್ಕೆ ಹೋಗುವಾಗ ಬರುವಾಗ ಕೆಮ್ಮುತ್ತಿತ್ತು, ಸಿಗ್ನಲ್ಲಿನಲ್ಲಿ ನಿಲ್ಲುತ್ತಿತ್ತು. ಇದಕ್ಕೆ ಶನಿಕಾಟ ಎಂದು ಇಂಪನಾ ನಗುತ್ತಿದ್ದಳು. ಸತ್ಯ ಏನೆಂದರೆ, ಶನಿವಾರ ಬೆಳಿಗ್ಗೆ ದೇವರಾಜ ಏಳುವ ಮೊದಲೇ ಮೂರ್ತಪ್ಪ ಸಣ್ಣ ಸ್ಕ್ರೂಡ್ರೈವರ್ ಹಿಡಿದು ಗಾಡಿಯ ಪಕ್ಕ ಕೂತು ಏರ್ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ ಬರುತ್ತಿದ್ದ. ಮೊದಲ ಸಲ ಅದು ಕೈತಪ್ಪಿ ಆದದ್ದು. ಮಾರನೇ ದಿನ ಮಗ ಬಂದು ಎದುರಿಗೆ ಕೂತ. ಆಮೇಲಿನದೆಲ್ಲ ಕೈತಪ್ಪಿ ಆದದ್ದಲ್ಲ.

ಹೊಸ ಗಾಡಿಯ ಮಾತು ರಾತ್ರಿ ಊಟಕ್ಕೆ ಬಂದದ್ದು ನಾಲ್ಕು ದಿನ ಕಳೆದ ಮೇಲೆ. ದೇವರಾಜನಿಗೆ ಆ ತಿಂಗಳು ಕೆಲಸದಲ್ಲಿ ಮೂರು ಸಲ ಲೇಟ್ ಬಿದ್ದು ಅರ್ಧ ದಿನದ ರಜೆ ಕತ್ತರಿಸಿದ್ದರು. ಚಳಿಗೆ ಗಾಡಿ ಬೇಗ ಚಾಲೂ ಆಗುವುದಿಲ್ಲ, ಎಂಟು ಗಂಟೆಯ ಶಿಫ್ಟಿಗೆ ಏಳೂವರೆಗಾದರೂ ತುಂಗಾ ಸೇತುವೆ ದಾಟಿರಬೇಕು ಎಂದು ಅವನು ಹೆಂಡತಿಗೆ ಹೇಳುವ ಹಾಗೆ ಅಪ್ಪನಿಗೆ ಹೇಳಿದ. ಇಂಜೆಕ್ಷನ್ನಿನದೇ ತೆಗೆದುಕೊಳ್ಳೋಣ ಎನ್ನುವುದು ಅವನ ಮನಸ್ಸು.

ಮೂರ್ತಪ್ಪ ಅನ್ನ ಕಲಸುತ್ತ ಒಂದೊಂದೇ ಕಾರಣ ಹೊರಗೆ ತೆಗೆದ. ಮಾಚೇನಹಳ್ಳಿಯ ಹತ್ತಿರ ಗಾಡಿ ನಿಂತಿತು ಅಂದುಕೊಳ್ಳೋಣ. ಕಾರ್ಬುರೇಟರ್ ಆದರೆ ನಿದಿಗೆಯ ಸೈಕಲ್ ಷಾಪಿನವನೂ ಬಿಚ್ಚಿ ಊದಿ ಕೊಡುತ್ತಾನೆ. ಇಂಜೆಕ್ಷನ್ ನಿಂತರೆ ಲಗೇಜ್ ಆಟೋದಲ್ಲಿ ಹಾಕಿಕೊಂಡು ಷೋರೂಮಿಗೇ ತರಬೇಕು. ಬ್ಯಾಟರಿ ಪೂರ್ತಿ ಇಳಿದರೆ ಎಷ್ಟು ಕಿಕ್ ಹೊಡೆದರೂ ಅದಕ್ಕೆ ಜೀವ ಬರುವುದಿಲ್ಲ. ನಮ್ಮ ಕಡೆ ಸಿಗುವ ಪೆಟ್ರೋಲಿನ ಯೋಗ್ಯತೆಗೆ ಆ ಸೂಜಿಯಂಥ ತೂತು ಎಷ್ಟು ದಿನ ತಡೆದೀತು? ಒಂದು ಸೆನ್ಸರ್ ಹೋದರೆ ಬೆಂಗಳೂರಿನಿಂದ ಬರುವವರೆಗೆ ಕಾಯುತ್ತ ಕೂರಬೇಕು. ಇದರಲ್ಲಿ ಒಂದೂ ಸುಳ್ಳಲ್ಲ. ಮೂರ್ತಪ್ಪನ ಬಾಯಲ್ಲಿ ಇಂಜಿನ್ನಿನ ವಿಷಯಕ್ಕೆ ಸುಳ್ಳು ಬರುತ್ತಿರಲಿಲ್ಲ. ಹೇಳುತ್ತಿರುವುದಕ್ಕೆ ಕಾರಣ ಮಾತ್ರ ಬೇರೆ ಇತ್ತು, ಅದನ್ನು ಅವನು ಹೇಳಲಿಲ್ಲ.

"ವಾರಕ್ಕೊಂದ್ಸಲ ಗಾಡಿ ಬಿಚ್ಚೋದು ಅಂದ್ರೆ ಏನಪ್ಪ?" ಎಂದ ದೇವರಾಜ. "ನಮ್ಮ ಸೆಕ್ಷನ್ನಲ್ಲಿ ಹದಿನಾರು ಗಾಡಿ ಇವೆ. ಯಾರೂ ಹಿಂಗೆ ಬಿಚ್ಚಲ್ಲ."

"ಅವರ ಮನೇಲಿ ಬಿಚ್ಚೋರು ಇಲ್ಲ."

"ಬಿಚ್ಚೋರೂ ಇಲ್ಲ, ಕೆಡೋದೂ ಇಲ್ಲ."

ಮೂರ್ತಪ್ಪನ ಕೈ ತಟ್ಟೆಯಲ್ಲೇ ನಿಂತಿತು. ವೀಣಾ ಎದ್ದು ಮಾವನಿಗೆ ಮಜ್ಜಿಗೆ ಬಡಿಸಿದಳು. ಅವನ ತಟ್ಟೆಯಲ್ಲಿ ಇನ್ನೂ ಸಾರನ್ನವೇ ಮುಗಿದಿರಲಿಲ್ಲ.

ಇದೇ ಮಾತು ಎರಡು ವಾರ ನಡೆಯಿತು. ಒಂದು ದಿನ ಮೈಲೇಜಿನ ಬಗ್ಗೆ, ಒಂದು ದಿನ ಹಳೇ ಗಾಡಿಗೆ ಎಷ್ಟು ಬಂದೀತು ಎಂಬ ಬಗ್ಗೆ. ಇಂಪನಾ ಅಪ್ಪನ ಪಕ್ಷ, ಹೊಸದೆಂದರೆ ಅವಳಿಗೆ ಸಾಕು. ವೀಣಾಳ ಪಕ್ಷ ಯಾವುದು ಎಂದು ಯಾರೂ ಕೇಳಲಿಲ್ಲ. ಎರಡನೇ ವಾರದ ಗುರುವಾರ ದೇವರಾಜ, ಈ ಭಾನುವಾರ ಬಿಚ್ಚುವುದು ಗಿಚ್ಚುವುದು ಬೇಡ, ಷೋರೂಮಿಗೆ ಹೋಗಿ ನೋಡಿಕೊಂಡು ಬರುತ್ತೇನೆ ಎಂದ. ಬರುತ್ತೀಯಾ ಎಂದು ಅಪ್ಪನನ್ನು ಕರೆಯಲಿಲ್ಲ.

ಶನಿವಾರ ಬೆಳಿಗ್ಗೆ ಮೂರ್ತಪ್ಪ ಎಂದಿನ ಜಾಗದಲ್ಲಿ ಕೂತ. ಕಾಲು ಸುತ್ತು ತಿರುಗಿಸಿದರೆ ಈ ಸಲ ಸಾಲದು ಎಂದು ಅವನಿಗೆ ಅನ್ನಿಸಿತು. ಮಗ ಹೇಗೋ ಓಡಿಸಿಕೊಂಡು ಬಿಡುತ್ತಾನೆ, ಭಾನುವಾರ ಷೋರೂಮಿಗೇ ಹೋಗುತ್ತಾನೆ. ಒಂದೂವರೆ ಸುತ್ತು ತಿರುಗಿಸಿದ.

ಮಧ್ಯಾಹ್ನ ಎರಡೂವರೆಗೆ ದೇವರಾಜ ದಾರಿಯುದ್ದಕ್ಕೂ ಆಕ್ಸಿಲರೇಟರ್ ಹಿಂಡಿಕೊಂಡು, ಬೈದುಕೊಂಡು ಮನೆ ಮುಟ್ಟಿದ. ಮೂರ್ತಪ್ಪ ಪೇಪರು ಹುಡುಕಲು ಎದ್ದೇಬಿಟ್ಟಿದ್ದ. ಆದರೆ ವೀಣಾ ಸೀರೆ ಉಟ್ಟು ಕಾಯುತ್ತಿದ್ದಳು. ಹೊಳೆಹೊನ್ನೂರಿನಲ್ಲಿ ಅವಳ ತಾಯಿ ಈಶ್ವರಮ್ಮನಿಗೆ ಮಂಡಿನೋವು, ಔಷಧಿ ಕೊಟ್ಟು ಸಂಜೆಯೊಳಗೆ ವಾಪಸು ಬರಬೇಕಿತ್ತು. ಅಪ್ಪ ಒಂದು ಸಲ ನೋಡಲಿ ಎಂದು ದೇವರಾಜ ಅಂದ. ಹೊತ್ತಾಗುತ್ತದೆ, ಹೇಗೂ ಓಡುತ್ತಿದೆಯಲ್ಲ ಎಂದು ವೀಣಾ ಅಂದಳು. ಗಂಡ ಹೆಂಡತಿ ಇಬ್ಬರೂ ಮೂರ್ತಪ್ಪನ ಮುಖ ನೋಡಿದರು.

ಬೇಡ ಎನ್ನಬಹುದಿತ್ತು. ಐದು ನಿಮಿಷ ನಿಲ್ಲಿ ಎಂದು ಸ್ಕ್ರೂವನ್ನು ಮೊದಲಿನ ಜಾಗಕ್ಕೆ ತರಬಹುದಿತ್ತು. ಐದು ನಿಮಿಷದಲ್ಲಿ ಸರಿಹೋಗುವ ಗಾಡಿಯನ್ನು ಭಾನುವಾರ ಎರಡು ಗಂಟೆ ಯಾಕೆ ಬಿಚ್ಚುತ್ತೀಯ ಎಂದು ಮಗ ಕೇಳಿದರೆ ಏನು ಹೇಳುವುದು?

"ನಿಧಾನ ಹೋಗು," ಎಂದ ಮೂರ್ತಪ್ಪ.

ತುಂಗಾ ಸೇತುವೆಯ ಮೇಲೆ ಮುಂದಿನ ಬಸ್ಸು ನಿಧಾನವಾದಾಗ ದೇವರಾಜ ಆಕ್ಸಿಲರೇಟರ್ ಬಿಟ್ಟ. ಇಂಜಿನ್ನು ಗಪ್ಪನೆ ನಿಂತಿತು. ಹಿಂದೆ ಕಬ್ಬಿಣ ತುಂಬಿದ ಲಾರಿ. ಲಾರಿಯವನು ಬ್ರೇಕ್ ತುಳಿದ ಸದ್ದಿಗೆ ಬೆದರಿ ದೇವರಾಜ ಗಾಡಿಯನ್ನು ಪಕ್ಕಕ್ಕೆ ಎಳೆದ, ಒಂದು ಕಡೆಗೆ ಕಾಲು ಹಾಕಿ ಕೂತಿದ್ದ ವೀಣಾ ಕೆಳಗೆ ಬಿದ್ದಳು. ಲಾರಿಯ ಚಕ್ರ ಅವಳ ಸೆರಗಿನ ಹತ್ತಿರ ಬಂದು ನಿಂತಿತು. ಅವಳ ಎಡಗೈ ಮಣಿಕಟ್ಟಿನ ಮೂಳೆ ಮುರಿದಿತ್ತು. ಆರು ವಾರ ಪ್ಲಾಸ್ಟರ್ ಎಂದು ಡಾಕ್ಟರು ಹೇಳಿದರು.

ಆ ಆರು ವಾರ ಮನೆಯ ಅಡುಗೆ ಅಜ್ಜ ಮತ್ತು ಮೊಮ್ಮಗಳ ಪಾಲಿಗೆ ಬಂತು. ಇಂಪನಾ ಕಾಲೇಜಿಗೆ ಹೋಗುವ ಮೊದಲು ಅನ್ನಕ್ಕಿಡುತ್ತಿದ್ದಳು, ಅದು ಕೆಲವು ದಿನ ಗಂಜಿಯಾಗುತ್ತಿತ್ತು, ಕೆಲವು ದಿನ ನುಚ್ಚಕ್ಕಿಯ ಹಾಗೆ ಬಿರುಸಾಗಿರುತ್ತಿತ್ತು. ಉಳಿದದ್ದೆಲ್ಲ ಮೂರ್ತಪ್ಪನದು. ಎಪ್ಪತ್ತರ ಹತ್ತಿರದ ಗಂಡಸು ಪಾತ್ರೆ ತೊಳೆದ, ಒಗೆದ ಬಟ್ಟೆ ಒಣಹಾಕಿದ, ಸೊಸೆಯ ಜಡೆಗೆ ಎಣ್ಣೆ ಹಚ್ಚಲು ಪಕ್ಕದ ಮನೆಯ ಶಕುಂತಲಮ್ಮನನ್ನು ಕರೆದು ತಂದ. ಮಗನಿಗೆ ಇದು ಕಾಣಲಿಲ್ಲ ಎನ್ನುವ ಹಾಗಿಲ್ಲ. ಒಂದು ಸಂಜೆ ದೇವರಾಜ ಅಡುಗೆಮನೆಯ ಬಾಗಿಲಲ್ಲಿ ನಿಂತು, ಸುಸ್ತಾಗಲ್ವಾ ಅಪ್ಪ ಎಂದು ಕೇಳಿದ. ಮೂರ್ತಪ್ಪ ತಿರುಗದೆ, ಇಲ್ಲ ಎಂದ. ಮಗ ಮೊದಲ ಸಲ ಗಾಡಿ ಬಿಟ್ಟು ಬೇರೆ ಮಾತು ಆಡಿದ್ದ. ತಾನು ಮಾಡಿದ್ದು ನೆನಪಿದ್ದ ಮೂರ್ತಪ್ಪನಿಗೆ ಅದನ್ನು ಬಾಯಿಗಿಟ್ಟುಕೊಂಡರೂ ನುಂಗಲು ಆಗದ ಸ್ಥಿತಿ.

ಅವರೆಕಾಯಿಯ ಕಾಲ. ಒಂದು ಮಧ್ಯಾಹ್ನ ಮೂರ್ತಪ್ಪ ಮೊರದ ಮುಂದೆ ಕೂತು ಕಾಯಿ ಸುಲಿಯುತ್ತಿದ್ದ. ವೀಣಾ ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಬಾಗಿಲ ಬಳಿ ಕುರ್ಚಿಯಲ್ಲಿದ್ದಳು. ಹುಳ ಹಿಡಿದ ಕಾಯಿ ಬೇರೆ ಹಾಕಿ ಎಂದು ಎರಡು ಸಲ ಹೇಳಿದಳು. ಆಮೇಲೆ ಅದೇ ದನಿಯಲ್ಲಿ, "ಮಾವ, ಶನಿವಾರ ಬೆಳಿಗ್ಗೆ ನೀವು ಗಾಡಿ ಹತ್ರ ಕೂತಿರ್ತೀರಲ್ಲ, ಅದನ್ನ ನಾನು ನೋಡಿದೀನಿ," ಎಂದಳು.

ಮೂರ್ತಪ್ಪ ಕೈಯಲ್ಲಿದ್ದ ಕಾಯಿ ಕೆಳಗಿಟ್ಟ. "ಯಾವತ್ತಿಂದ?"

"ಹೋದ ವರ್ಷದ ದೀಪಾವಳಿಯಿಂದ."

"ಹೇಳ್ಲಿಲ್ಲ ನೀನು."

"ಹೇಳಿದ್ರೆ ಮನೇಲಿ ಮಾತು ಬೆಳೆಯುತ್ತೆ ಅಂತ ಸುಮ್ನಿದ್ದೆ. ಅವತ್ತೂ ಗೊತ್ತಿದ್ದೇ ಹಿಂದೆ ಕೂತೆ. ಯಾವಾಗಿನಂತೆ ಸ್ವಲ್ಪ ಕೆಮ್ಮುತ್ತೆ ಅಷ್ಟೇ ಅಂದ್ಕೊಂಡೆ."

ಹೊರಗೆ ತರಕಾರಿ ಗಾಡಿಯವನು ಕೂಗಿಕೊಂಡು ಹೋದ. ಮೂರ್ತಪ್ಪ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡ.

"ಭಾನುವಾರ ಅವನು ಎರಡು ಗಂಟೆ ನನ್ನ ಎದುರಿಗೆ ಕೂತಿರ್ತಾನೆ ಕಣಮ್ಮ," ಎಂದ. "ಬೇರೆ ದಿನ ನಾನು ಇದೀನೋ ಇಲ್ವೋ ಅನ್ನೋದೂ ಅವನಿಗೆ ಗೊತ್ತಾಗಲ್ಲ."

"ನನ್ನ ಎದುರಿಗೆ ಅಷ್ಟು ಹೊತ್ತೂ ಕೂರಲ್ಲ ಮಾವ. ನಾನು ಯಾವ ಸ್ಕ್ರೂ ತಿರುಗಿಸ್ಲಿ?"

ಮೂರ್ತಪ್ಪ ತಲೆಯೆತ್ತಿ ಸೊಸೆಯನ್ನು ನೋಡಿದ. ಹದಿನೆಂಟು ವರ್ಷದಿಂದ ಈ ಮನೆಯಲ್ಲಿ ಓಡಾಡಿಕೊಂಡಿದ್ದ ಹೆಂಗಸು. ಅವಳಿಗೂ ಬೇಜಾರು ಇರಬಹುದು ಎಂದು ಅವನಿಗೆ ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು. ಅವಳು ಕೋಪದಲ್ಲಿ ಏನೂ ಹೇಳಲಿಲ್ಲ, ಅಳಲೂ ಇಲ್ಲ. ತಾನು ಗಂಡನಿಗೆ ಹೇಳುವುದಿಲ್ಲವೆಂದೂ, ಹೊಸ ಗಾಡಿಗೆ ದುಡ್ಡು ಕಟ್ಟುವ ಮೊದಲು ಮಾವನೇ ಬಾಯಿಬಿಟ್ಟು ಹೇಳಬೇಕೆಂದೂ ಅಂದಳು. ಆಮೇಲೆ ಸುಲಿದದ್ದು ಸಾಕು, ಸಾರಿಗೆ ಇಷ್ಟೇ ಬೇಕು ಎಂದಳು.

ಹೇಳಬೇಕು ಹೇಳಬೇಕು ಎನ್ನುತ್ತಲೇ ಮೂರ್ತಪ್ಪ ಹತ್ತು ದಿನ ತಳ್ಳಿದ. ದೇವರಾಜ ಮನೆಗೆ ಬಂದಾಗ ಹೇಳೋಣವೆಂದರೆ ದಣಿದಿರುತ್ತಾನೆ. ಊಟದ ಹೊತ್ತಿಗೆ ಇಂಪನಾ ಇರುತ್ತಾಳೆ. ಬೆಳಿಗ್ಗೆ ಅವನಿಗೆ ಅವಸರ, ಹಳೇ ಗಾಡಿ ಮೂಲೆಯಲ್ಲಿ ನಿಂತ ಮೇಲೆ ಅವನು ಬಸ್ಸಿಗೆ ಓಡುತ್ತಿದ್ದ. ಇದೆಲ್ಲ ನೆಪ ಎಂದು ವೀಣಾಳ ಮುಖ ನೋಡಿದಾಗ ಗೊತ್ತಾಗುತ್ತಿತ್ತು. ಅವಳು ಮಾವನ ಕಡೆ ನೋಡುವುದನ್ನೇ ಕಡಿಮೆ ಮಾಡಿದಳು.

ಒಂದು ಶನಿವಾರ ಮಧ್ಯಾಹ್ನ ದೇವರಾಜ ತಾನಾಗಿ ಬಂದು, "ಅಪ್ಪ, ಷೋರೂಮಿಗೆ ಹೋಗ್ತಿದೀನಿ, ಬಾ," ಎಂದ.

ಸಿಟಿ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಹೋದರು. ಷೋರೂಮಿನ ಸರ್ವೀಸ್ ವಿಭಾಗದಲ್ಲಿದ್ದವನು ಕೆಂಚಪ್ಪ. ಒಂದು ಕಾಲಕ್ಕೆ ಹನ್ನೆರಡು ವರ್ಷ ಮೂರ್ತಪ್ಪನ ಗ್ಯಾರೇಜಿನಲ್ಲೇ ದುಡಿದವನು, ಈಗ ಅವನ ತಲೆಯೂ ಅರ್ಧ ಬೆಳ್ಳಗಾಗಿತ್ತು. ಯಜಮಾನರು ಬಂದರು ಎಂದು ಅವನು ಕೈ ಒರೆಸಿಕೊಂಡು ಎದ್ದು ಬಂದ. ಎರಡೂ ಗಾಡಿಗಳನ್ನು ಅಕ್ಕಪಕ್ಕ ನಿಲ್ಲಿಸಿದ್ದರು, ಬಣ್ಣವೂ ಒಂದೇ. ಮೂರ್ತಪ್ಪ ಇಂಜೆಕ್ಷನ್ ಗಾಡಿಯ ಪಕ್ಕ ಬಗ್ಗಿ, ಕಾರ್ಬುರೇಟರ್ ಇರಬೇಕಾದ ಜಾಗದಲ್ಲಿ ಬೆರಳಾಡಿಸಿದ. ಅಲ್ಲೊಂದು ಸಣ್ಣ ಅಲ್ಯುಮಿನಿಯಂ ತುಂಡು, ಅದಕ್ಕೆ ಒಂದಷ್ಟು ವೈರುಗಳು. ಸ್ಕ್ರೂವಿನ ತಲೆಗೆ ಬಣ್ಣ ಬಳಿದು ಮುಚ್ಚಿದ್ದರು.

"ಅದನ್ನ ಮುಟ್ಟಂಗಿಲ್ಲ ಯಜಮಾನ್ರೇ," ಎಂದ ಕೆಂಚಪ್ಪ. "ನಾನೂ ಮುಟ್ಟಲ್ಲ. ವೈರ್ ಸಿಕ್ಕಿಸಿ ಏನಾಗಿದೆ ಅಂತ ಮೆಷಿನ್ನಲ್ಲಿ ನೋಡೋದು, ಪಾರ್ಟ್ ಬದಲಾಯಿಸೋದು. ಅಷ್ಟೇ ನಮ್ಮ ಕೆಲಸ."

"ಬೇಜಾರಾಗಲ್ವೇನೋ?"

"ಆಗುತ್ತೆ. ಸಂಬಳ ಬರುತ್ತೆ."

ಕೆಂಚಪ್ಪ ಬಟನ್ ಒತ್ತಿದ. ತಣ್ಣಗಿದ್ದ ಗಾಡಿ ಒಂದೇ ಸಲಕ್ಕೆ ಹಿಡಿಯಿತು. ಮೂರ್ತಪ್ಪ ಕಣ್ಣು ಮುಚ್ಚಿ ಕೇಳಿದ. ಎಷ್ಟು ಹೊತ್ತು ಕೇಳಿದರೂ ಸದ್ದು ಏರುವುದಿಲ್ಲ, ಇಳಿಯುವುದಿಲ್ಲ, ಸರಿಮಾಡಲು ಏನೂ ಇಲ್ಲ. ಒಳ್ಳೆಯ ಕೆಲಸ ಯಾರು ಮಾಡಿದರೂ ಒಳ್ಳೆಯದೇ ಎಂದು ಒಪ್ಪುವಷ್ಟು ಅವನು ತನ್ನ ಕಸುಬಿಗೆ ನಿಷ್ಠನಾಗಿದ್ದ.

ದೇವರಾಜ ಹತ್ತಿರ ಬಂದ. "ಅಪ್ಪ, ನೀನು ಯಾವುದು ಅಂತೀಯೋ ಅದನ್ನೇ ತಗೋತೀನಿ. ಇದ್ರಲ್ಲಿ ನಿನಗಿಂತ ಗೊತ್ತಿರೋರು ಯಾರಿದಾರೆ? ಕಾರ್ಬುರೇಟರ್‌ದೇ ಇರ್ಲಿ ಅಂದ್ರೆ ಅದೇ ಇರ್ಲಿ. ಭಾನುವಾರ ಕೂತು ಮಾಡ್ಕೊಂಡ್ರಾಯ್ತು."

ಒಂದೂವರೆ ತಿಂಗಳಿಂದ ಮೂರ್ತಪ್ಪನಿಗೆ ಬೇಕಾಗಿದ್ದುದು ಈ ಮಾತೇ. ಮಗ ಅದನ್ನು ಕೈಯಲ್ಲಿಟ್ಟು ಕೊಡುತ್ತಿದ್ದ. ಹೂಂ ಎಂದರೆ ಸಾಕಿತ್ತು.

"ಇಂಜೆಕ್ಷನ್ ತಗೋ," ಎಂದ ಮೂರ್ತಪ್ಪ.

"ಬೇಡ ಅಂತಿದ್ಯಲ್ಲ ಇಷ್ಟು ದಿನ?"

"ಹಳೇ ಗಾಡಿಯಲ್ಲಿ ದೋಷ ಇರ್ಲಿಲ್ಲ. ನಾನೇ ಕೆಡಿಸ್ತಿದ್ದೆ. ಶನಿವಾರ ಶನಿವಾರ ಏರ್ ಸ್ಕ್ರೂ ತಿರುಗಿಸ್ತಿದ್ದೆ."

ದೇವರಾಜನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ನಿಧಾನಕ್ಕೆ ಕೇಳಿದ. "ಸೇತುವೆ ಮೇಲೆ ನಿಂತ ದಿನಾನೂ?"

"ಅವತ್ತೂ."

"ಎಷ್ಟು ಸುತ್ತು?"

"ಒಂದೂವರೆ."

ಬೇರೆ ಮಗನಾಗಿದ್ದರೆ ಯಾಕೆ ಎಂದು ಕೇಳುತ್ತಿದ್ದ. ಇವನು ಎಷ್ಟು ಸುತ್ತು ಎಂದು ಕೇಳಿದ. ಯಾಕೆ ಎನ್ನುವುದನ್ನು ಹೇಳಲು ಮೂರ್ತಪ್ಪ ಮಾತು ಜೋಡಿಸಿಕೊಳ್ಳುವಷ್ಟರಲ್ಲಿ ದೇವರಾಜ ಕೌಂಟರಿಗೆ ಹೋಗಿ ಅಡ್ವಾನ್ಸ್ ಕಟ್ಟುತ್ತಿದ್ದ. ಅಲ್ಲಿಂದಲೇ ಅವನು ಎಲ್ಲಿಗೋ ಹೊರಟುಹೋದ. ಕೆಂಚಪ್ಪ ಟೀ ತರಿಸಿದ್ದ. ಎರಡು ಲೋಟದ ಟೀಯಲ್ಲಿ ಒಂದನ್ನು ಮೂರ್ತಪ್ಪ ಕುಡಿದು, ಒಬ್ಬನೇ ಬಸ್ಸು ಹತ್ತಿ ಮನೆಗೆ ಬಂದ.

ಹೊಸ ಗಾಡಿ ಶುಕ್ರವಾರ ಬಂತು. ಇಂಪನಾ ಕುಂಕುಮ ಹಚ್ಚಿ, ಹೂವಿಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು. ಅಜ್ಜನೇ ಕಾಯಿ ಒಡೆಯಲಿ ಎಂದಳು. ದೇವರಾಜ ಕಾಯಿಯನ್ನು ಅವಳ ಕೈಯಿಂದ ತೆಗೆದುಕೊಂಡು ತಾನೇ ಒಡೆದ. ಹುಡುಗಿ ಅಪ್ಪನ ಮುಖ, ಅಜ್ಜನ ಮುಖ ನೋಡಿ ಒಳಗೆ ಹೋದಳು.

ಮೊದಲು ಮಾತು ಕಡಿಮೆಯಿತ್ತು, ಈಗ ಇಲ್ಲವಾಯಿತು. ಅಪ್ಪ ಊಟಕ್ಕೆ ಕೂತರೆ ಮಗ ಸ್ನಾನಕ್ಕೆ ಹೋಗುತ್ತಿದ್ದ. ಬೆಳಿಗ್ಗೆ ಬಟನ್ ಒತ್ತಿದರೆ ಗಾಡಿ ಹೊರಡುತ್ತಿತ್ತು, ಗೇಟಿನ ಬಳಿ ನಿಲ್ಲುವ ಪ್ರಶ್ನೆಯೇ ಇರಲಿಲ್ಲ. ಒಂದು ದಿನವೂ ಅವನಿಗೆ ಲೇಟ್ ಬೀಳಲಿಲ್ಲ. ಭಾನುವಾರ ಮೂರ್ತಪ್ಪ ಪೇಪರು ಓದಿದ. ಸಿನಿಮಾ ಜಾಹೀರಾತಿನಿಂದ ಹಿಡಿದು ನಿಧನ ವಾರ್ತೆಯವರೆಗೆ ಎಲ್ಲ ಓದಿ ಮುಗಿಸಿದರೂ ಗಂಟೆ ಹತ್ತೂ ಆಗಿರಲಿಲ್ಲ. ಭಾನುವಾರ ಎಷ್ಟು ಉದ್ದ ಇರುತ್ತದೆ ಎಂದು ಅವನಿಗೆ ಆಗ ತಿಳಿಯಿತು.

ವೀಣಾಳ ಪ್ಲಾಸ್ಟರ್ ಬಿಚ್ಚಿದ ದಿನ ಸಂಜೆ ಜಗಳವಾಯಿತು. ಕೈ ಸಣಕಲಾಗಿತ್ತು, ಮಣಿಕಟ್ಟು ಪೂರ್ತಿ ಬಗ್ಗುತ್ತಿರಲಿಲ್ಲ. ಅವಳು ರೊಟ್ಟಿ ತಟ್ಟಲು ಹೋಗಿ ನೋವಿಗೆ ಉಸಿರು ಹಿಡಿದಳು. ದೇವರಾಜ ಅದನ್ನು ನೋಡಿದ, ಅಲ್ಲೇ ನೀರು ತುಂಬಿಸುತ್ತಿದ್ದ ಅಪ್ಪನ ಕಡೆ ತಿರುಗಿದ.

"ಆ ಲಾರಿಯವನು ಬ್ರೇಕ್ ತುಳಿದೇ ಇದ್ದಿದ್ರೆ?"

ಮೂರ್ತಪ್ಪ ಕೊಡ ಕೆಳಗಿಟ್ಟ. ವೀಣಾ, ಬಿಡಿ ರೀ ಎಂದಳು. ದೇವರಾಜ ಬಿಡಲಿಲ್ಲ. ಎರಡು ಮೂರು ವಾರದಿಂದ ಒಳಗೇ ಕುದ್ದದ್ದು ಹೊರಗೆ ಬಂತು. ಕೊಲೆ ಮಾಡುವವನೂ ಇಷ್ಟು ಯೋಚಿಸಿ ಮಾಡುವುದಿಲ್ಲ ಎಂದ. ಮನೆಯವರ ಜೀವಕ್ಕಿಂತ ಹೆಚ್ಚಾಯಿತೇ ನಿನ್ನ ರಿಪೇರಿ ಚಟ ಎಂದ.

"ಚಟ ಅಲ್ಲ," ಎಂದ ಮೂರ್ತಪ್ಪ. "ನೀನು ಬಂದು ಕೂತ್ಕೊಳ್ಳಲಿ ಅಂತ."

ದೇವರಾಜನ ದನಿ ತಗ್ಗಿತು, ಆದರೆ ಕೋಪ ತಗ್ಗಲಿಲ್ಲ.

"ಅಮ್ಮ ಹೋಗಿ ನಾಲ್ಕು ವರ್ಷ ಆಯ್ತು. ಇಷ್ಟು ಭಾನುವಾರ ನಿನ್ನ ಎದುರಿಗೆ ಕೂತಿದೀನಲ್ಲ, ಒಂದ್ಸಲ ಕೇಳಿದ್ಯಾ, ಹೆಂಗಿದೀಯೋ ಅಂತ? ಪಿಕಪ್ ಹೆಂಗಿದೆ ಅಂತ ಕೇಳ್ದೆ. ಮೈಲೇಜ್ ಎಷ್ಟು ಅಂತ ಕೇಳ್ದೆ. ನಾನು ಅಲ್ಲಿ ಬಂದು ಕೂರ್ತಿದ್ದಿದ್ದು ಜೆಟ್ ಹಿಡ್ಕೊಳ್ಳೋಕಾ?"

"ನೀನೂ ಹೇಳ್ಲಿಲ್ಲ."

"ಹೇಳ್ಲಿಲ್ಲ."

ಒಲೆಯ ಮೇಲಿನ ಕಾವಲಿ ಹೊಗೆಯಾಡತೊಡಗಿತ್ತು. ವೀಣಾ ಒಳ್ಳೆಯ ಕೈಯಿಂದ ಅದನ್ನು ಇಳಿಸಿದಳು. ದೇವರಾಜ ಹೊರಗೆ ಹೋದ. ಆ ರೊಟ್ಟಿಗಳನ್ನು ಆಮೇಲೆ ನಾಲ್ವರೂ ಬೇರೆ ಬೇರೆ ಹೊತ್ತಿನಲ್ಲಿ ತಿಂದರು.

ಮುಂದಿನ ಭಾನುವಾರ ಮೂರ್ತಪ್ಪ ಏಳು ಗಂಟೆಗೇ ಜಗಲಿಯ ಮೇಲೆ ಬಂದು ಕೂತ. ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟಿದ್ದ. ಕೇಳಬೇಕಾದ ಮಾತು ಒಂದೇ ಒಂದು, ಹೆಂಗಿದೀಯೋ ಅಂತ. ವಾರವೆಲ್ಲ ಅದನ್ನು ಬಾಯೊಳಗೆ ಹೇಳಿಕೊಂಡಿದ್ದ. ಪಾತ್ರೆ ಒರೆಸುವಾಗ, ಹಾಲು ತರಲು ಹೋಗುವಾಗ ಎಷ್ಟೋ ಸಲ ಸಲೀಸಾಗಿ ಬಂದಿತ್ತು. ಕಿಟಕಿಯ ಒಳಗೆ ವೀಣಾ ಇದ್ದಳು. ಮಾವ ಯಾಕೆ ಕೂತಿದ್ದಾರೆಂದು ಅವಳಿಗೆ ತಿಳಿದಿತ್ತು, ಅವಳು ಸದ್ದಾಗದ ಹಾಗೆ ಕೆಲಸ ಮಾಡುತ್ತಿದ್ದಳು.

ದೇವರಾಜ ಒಂಬತ್ತರ ಸುಮಾರಿಗೆ ಹೊರಗೆ ಬಂದ. ಭಾನುವಾರ ಎಲ್ಲಿಗೂ ಹೋಗಬೇಕಾಗಿರಲಿಲ್ಲ, ಆದರೂ ಗಾಡಿಯ ಸೀಟು ಒರೆಸಿದ. ಒರೆಸಿದ ಸೀಟನ್ನೇ ಮತ್ತೆ ಒರೆಸಿದ. ಗಾಡಿ ತಿರುಗಿಸಿ ಗೇಟಿನ ಕಡೆ ಮುಖ ಮಾಡಿ ನಿಲ್ಲಿಸಿದ. ಬಟನ್ ಒತ್ತಿದ, ಅದು ಚಾಲೂ ಆಯಿತು. ಹೋಗಲಿಲ್ಲ. ಕನ್ನಡಿಯನ್ನು ಸರಿಮಾಡಿಕೊಳ್ಳುತ್ತ ನಿಂತ.

ಮೂರ್ತಪ್ಪ ಎದ್ದು ಎರಡು ಮೆಟ್ಟಿಲು ಇಳಿದ. ಮಗನ ಕೆನ್ನೆಯ ಮೇಲೆ ಬಿಳಿ ಕೂದಲು ಬಂದಿತ್ತು. ಯಾವಾಗ ಬಂತೋ ಅವನು ನೋಡಿರಲಿಲ್ಲ.

"ದೇವರಾಜ."

ದೇವರಾಜ ತಿರುಗಿದ.

"ಪೆಟ್ರೋಲ್ ಇದೆಯಾ?" ಎಂದ ಮೂರ್ತಪ್ಪ.

ದೇವರಾಜ ಇಂಜಿನ್ನು ನಿಲ್ಲಿಸಿದ. ಇದೆ ಎಂದ. ಹಾಗೆಂದವನು ಹೊರಡಲಿಲ್ಲ. ಎರಡೂ ಕಾಲು ನೆಲಕ್ಕೆ ಊರಿ, ಅಪ್ಪನ ಮುಖವನ್ನೇ ನೋಡುತ್ತ ಕಾದ. ಬೀದಿಯಲ್ಲಿ ಯಾರೂ ಇರಲಿಲ್ಲ, ಅವಸರವೂ ಇರಲಿಲ್ಲ. ಮೂರ್ತಪ್ಪನ ಬಾಯಿ ತೆರೆಯಿತು. ಅವನು ಗಾಡಿಯ ಟ್ಯಾಂಕನ್ನು ನೋಡಿದ, ಹೊಸ ಟೈರನ್ನು ನೋಡಿದ, ಮತ್ತೆ ಮಗನನ್ನು ನೋಡಿದ. ಕೊನೆಗೆ ಏನಿಲ್ಲ ಎನ್ನುವ ಹಾಗೆ ತಲೆ ಅಲ್ಲಾಡಿಸಿದ.

ದೇವರಾಜ ಇನ್ನೂ ಸ್ವಲ್ಪ ಹೊತ್ತು ಕಾದು ಬಟನ್ ಒತ್ತಿದ. ಗಾಡಿ ತಿರುವು ದಾಟಿ ಹೋಯಿತು.

ವೀಣಾ ಬಾಗಿಲಿಗೆ ಬಂದು, ಕೇಳಿದಿರಾ ಮಾವ ಎಂದಳು. ನಾಳೆ ಕೇಳುತ್ತೇನೆ ಎಂದ ಮೂರ್ತಪ್ಪ. ನಾಳೆ ಸೋಮವಾರ, ದೇವರಾಜ ಏಳಕ್ಕೇ ಹೊರಡುತ್ತಾನೆ. ಗಾಡಿ ಒಂದು ನಿಮಿಷವೂ ತಡಮಾಡುವುದಿಲ್ಲ.